ಬಾಟ್ಲಿ ಜಾತಿ ಕೇಳಲ್ಲ, ಹೊಟ್ಟೆ ಲೆಕ್ಕ ಕೇಳುತ್ತೆ

ಹಾಸ್ಟೆಲ್ ಹುಡುಗರಿಗೆ ಬುದ್ಧಿ ಹೇಳುವವರಿಗೆ ಈ ನಾಡಿನಲ್ಲಿ ಯಾವ ಕಾಲಕ್ಕೂ ಬರ ಬಂದಿಲ್ಲ. ಮಳೆ ಕೈ ಕೊಟ್ಟರೂ ಬುದ್ಧಿಮಾತು ಕೈ ಕೊಡುವುದಿಲ್ಲ. ಈಗಿನ ಹೊಸ ಬುದ್ಧಿಮಾತು ಇದು: ‘ಈ ಕಾಲದ ಹುಡುಗರು ಊಟ ಬಿಟ್ಟು ಬಣ್ಣದ ನೀರು ಕುಡಿದು ಹಾಳಾಗುತ್ತಿದ್ದಾರೆ. ಹಾಲು ಕುಡಿಯಿರಿ, ಹಣ್ಣಿನ ರಸ ಕುಡಿಯಿರಿ, ಎಳನೀರು ಕುಡಿಯಿರಿ.’ ಹೇಳುವವರಿಗೇನು, ಬಾಯಿ ಇದೆ, ಹೇಳುತ್ತಾರೆ. ಎಳನೀರು ಐವತ್ತು ರೂಪಾಯಿ ದಾಟಿದೆ. ಗುಬ್ಬಿ ಸೀಮೆಯಲ್ಲಿ ಇನ್ನೊಬ್ಬರ ತೋಟದ ಮರ ಹತ್ತಿ ಕಾಯಿ ಕೆಡವುವವನ ಮಗ, ಕಾಲೇಜಿನ ಮುಂದೆ ಐವತ್ತು ರೂಪಾಯಿ ಎಣಿಸಿ ಎಳನೀರು ಕುಡಿಯಬೇಕಂತೆ!

ಆದರೆ ಹೇಳುವವರ ಮೇಲಿನ ಸಿಟ್ಟಿಗೆ ಹೇಳಿದ ಮಾತನ್ನೇ ತಳ್ಳಿಹಾಕಿದರೆ ನಷ್ಟ ನಮಗೇ. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ನಮ್ಮ ಹುಡುಗ ಹುಡುಗಿಯರು ಕುಡಿಯುತ್ತಿರುವುದು ನಮ್ಮ ಊಟವನ್ನೇ ತಿಂದುಹಾಕುತ್ತಿದೆ. ಈ ಅರ್ಧವನ್ನು ಒಪ್ಪಿಕೊಳ್ಳೋಣ. ಉಳಿದ ಅರ್ಧ, ಯಾಕೆ ಹೀಗಾಯಿತು ಅನ್ನುವುದನ್ನು ಅವರು ಹೇಳುವುದಿಲ್ಲ. ಹೇಳಿದರೆ ಅವರ ಬುಡಕ್ಕೇ ಬರುತ್ತದೆ. ಅದನ್ನು ನಾವೇ ಹೇಳಬೇಕು.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಕುಣಿಗಲ್ ಕಡೆಯಿಂದ, ಗುಬ್ಬಿ ಕಡೆಯಿಂದ ದಿನಾ ಬೆಳಗ್ಗೆ ತುಮಕೂರಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಬರುವವರು ಯಾರು? ಪಿಯುಸಿ, ಐಟಿಐ, ಡಿಪ್ಲೊಮಾ, ಡಿಗ್ರಿ ಓದುವ ನಮ್ಮ ಹಟ್ಟಿಗಳ ಮಕ್ಕಳು. ಏಳು ಗಂಟೆ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡು ಹೋಯಿತು. ಅಷ್ಟು ಹೊತ್ತಿಗೆ ಅವ್ವ ಗಾರ್ಮೆಂಟ್ಸ್ ವ್ಯಾನು ಹತ್ತಿರುತ್ತಾಳೆ, ಇಲ್ಲಾ ಕೂಲಿಗೆ ಹೊರಟಿರುತ್ತಾಳೆ. ಒಲೆ ಮೇಲೆ ಏನೂ ಇಲ್ಲ. ಖಾಲಿ ಹೊಟ್ಟೆಗೆ ಒಂದು ಟೀ. ಹತ್ತೂವರೆಗೆ ಇನ್ನೊಂದು ಟೀ, ಜೊತೆಗೆ ಎರಡು ಬಿಸ್ಕತ್ತು. ಮಧ್ಯಾಹ್ನ ಪೆಟ್ಟಿಗೆ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಯ ಬಾಟ್ಲಿ. ಕೆಂಪಗೋ ಹಳದಿಯಾಗಿಯೋ ಇರುತ್ತದೆ, ಹೆಸರು ಎನರ್ಜಿ ಡ್ರಿಂಕು. ಕುಡಿದರೆ ಹಸಿವು ಸಾಯುತ್ತದೆ. ಸಂಜೆ ಮತ್ತೆ ಟೀ. ಹಾಸ್ಟೆಲಿನಲ್ಲಿರುವವನ ಕಥೆ ಬೇರೆ ಏನಲ್ಲ. ಮೆಸ್ಸಿನ ಸಾರು ನೀರು, ಅನ್ನ ಮುದ್ದೆ ಮುದ್ದೆ. ಅರ್ಧ ತಟ್ಟೆ ಬಿಟ್ಟು ಗೇಟು ದಾಟಿ ಬಾಟ್ಲಿ ಹಿಡಿಯುತ್ತಾನೆ.

ಯಾಕೆ ಬಾಟ್ಲಿ? ರುಚಿಗೆ ಅಂತೀರಾ? ಅಷ್ಟೇ ಅಲ್ಲ ಕಣ್ರಪ್ಪ.

ನಮ್ಮ ಅಪ್ಪಂದಿರು ಟೀ ಕುಡಿದ ಲೋಟವನ್ನು ನೆನಪು ಮಾಡಿಕೊಳ್ಳಿ. ಹೋಟೆಲಿನ ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ, ಮೇಲಿಂದ ಹುಯ್ಯಿಸಿಕೊಂಡು, ಕುಡಿದ ಮೇಲೆ ತಾವೇ ತೊಳೆದು ಬೋರಲು ಹಾಕಿದ ಲೋಟ ಅದು. ಎರಡು ಲೋಟದ ಪದ್ಧತಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೇ ಅದನ್ನು ಅಪರಾಧ ಅಂದಿತು. 1976ರಲ್ಲಿ ಆ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಬಂತು, ಶಿಕ್ಷೆ ಬಿಗಿಯಾಯಿತು. ಆದರೂ ಎಷ್ಟೋ ಊರುಗಳಲ್ಲಿ ಎರಡನೇ ಲೋಟ ಒಳಗೇ ಎಲ್ಲೋ ಕೂತಿದೆ. ಈಗ ಅದರ ಹೆಸರು ಪೇಪರ್ ಕಪ್ಪು, ‘ಬಳಸಿ ಬಿಸಾಡುವ ಲೋಟ’. ಜಾತಿಯೂ ಕಲಿತಿದೆ ಸ್ವಾಮಿ, ಅದಕ್ಕೂ ಬುದ್ಧಿ ಬಂದಿದೆ.

ಇಂಥ ಊರಿಂದ ಬಂದ ಹುಡುಗನ ಕೈಗೆ ಸೀಲ್ ಒಡೆಯದ ಬಾಟ್ಲಿ ಸಿಕ್ಕಿತು. ಅದನ್ನು ಯಾರೂ ಮೇಲಿಂದ ಹುಯ್ಯುವುದಿಲ್ಲ. ಯಾರ ಮಗ ಅಂತ ಕೇಳುವುದಿಲ್ಲ. ಲೋಟ ತೊಳೆದಿಡು ಅನ್ನುವುದಿಲ್ಲ. ಗೌಡರ ಮಗ ಹಿಡಿದ ಬಾಟ್ಲಿಯನ್ನೇ ನಾನೂ ಹಿಡಿಯುತ್ತೇನೆ, ಟಿವಿಯಲ್ಲಿ ಸಿನಿಮಾ ಹೀರೋ ಹಿಡಿದದ್ದೂ ಅದನ್ನೇ. ಆ ಬಾಟ್ಲಿಯ ಸಿಹಿಯಲ್ಲಿ ಈ ಸಿಹಿಯೂ ಸೇರಿದೆ. ಇದನ್ನು ಅರ್ಥ ಮಾಡಿಕೊಳ್ಳದೆ ‘ನಾಲಗೆ ಚಪಲ’ ಅಂತ ಬೈಯುವವರಿಗೆ ನಮ್ಮ ಬಾಯಾರಿಕೆ ಯಾವತ್ತೂ ಅರ್ಥ ಆಗುವುದಿಲ್ಲ.

ಬಾಯಾರಿಕೆಗೂ ಹಸಿವಿಗೂ ಇರುವ ಸಂಬಂಧ ನಮಗೆ ಬಾಬಾಸಾಹೇಬರಿಂದಲೇ ಗೊತ್ತು. 1901ರಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗ ಭೀಮ, ಅಣ್ಣನ ಜೊತೆ, ಅಕ್ಕನ ಮಗನ ಜೊತೆ ಸತಾರಾದಿಂದ ಗೋರೆಗಾಂವ್‌ಗೆ ಅಪ್ಪನನ್ನು ನೋಡಲು ಹೊರಟ. ರೈಲು ಇಳಿದು ಎತ್ತಿನ ಗಾಡಿ. ಬುತ್ತಿಯ ತುಂಬ ಊಟ ಇತ್ತು. ಕುಡಿಯಲು ನೀರು ಮಾತ್ರ ಯಾರೂ ಕೊಡಲಿಲ್ಲ. ನೀರಿಲ್ಲದೆ ಊಟ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಬುತ್ತಿ ಪಕ್ಕದಲ್ಲೇ ಇಟ್ಟುಕೊಂಡು ಆ ಮಕ್ಕಳು ಹಸಿದು ಮಲಗಿದರು. ಆ ಹುಡುಗನ ಅಪ್ಪ ಅಲ್ಲಿ ಏನು ಕೆಲಸದಲ್ಲಿದ್ದರು ಗೊತ್ತೇ? ಬರಗಾಲದ ಜನಕ್ಕೆ ಕೂಲಿ ಕೊಡಲು ಸರ್ಕಾರ ಕೆರೆ ತೋಡಿಸುತ್ತಿದ್ದ ಜಾಗದಲ್ಲಿ ಕ್ಯಾಷಿಯರ್! ಅದೇ ಹುಡುಗ 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಇಳಿದು ಸಾವಿರಾರು ಜನರೊಂದಿಗೆ ನೀರು ಕುಡಿದ. ಕೆರೆಯ ನೀರಿಗಾಗಿ ತಲೆ ಒಡೆಸಿಕೊಂಡ ಜನದ ಮೊಮ್ಮಕ್ಕಳು ನಾವು. ಇವತ್ತು ನೀರನ್ನು ಬಿಟ್ಟು ಬಾಟ್ಲಿಗೆ ದುಡ್ಡು ಕೊಟ್ಟು ‘ಸಮಾನತೆ ಬಂತು’ ಅಂದುಕೊಂಡರೆ ಅದಕ್ಕಿಂತ ದೊಡ್ಡ ಮೋಸ ಇಲ್ಲ.

ಬಾಟ್ಲಿ ಜಾತಿ ಕೇಳುವುದಿಲ್ಲ, ಸರಿ. ಇಪ್ಪತ್ತು ರೂಪಾಯಿ ಕೇಳುತ್ತದಲ್ಲ? ಆ ಇಪ್ಪತ್ತು ರೂಪಾಯಿ ಯಾರ ಬೆವರು?

ಲೆಕ್ಕ ಹಾಕೋಣ. ದಿನಕ್ಕೊಂದು ಬಾಟ್ಲಿ ಅಂದರೆ ತಿಂಗಳಿಗೆ 600 ರೂಪಾಯಿ. ಮೊಟ್ಟೆ ಏಳು ರೂಪಾಯಿ ಅಂತ ಹಿಡಿದರೂ 85 ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಬಾಟ್ಲಿಯಲ್ಲಿ ಎಷ್ಟು? ಸೊನ್ನೆ. ಅದೇ ಇಪ್ಪತ್ತು ರೂಪಾಯಿಗೆ ನೂರು ಗ್ರಾಂ ಕಡ್ಲೇಬೀಜ ಬರುತ್ತದೆ, ಅದರಲ್ಲಿ ಸುಮಾರು 25 ಗ್ರಾಂ ಪ್ರೋಟೀನು. ಕೋಲಾ ಜಾತಿಯ ಪಾನೀಯದಲ್ಲಿ 100 ಮಿಲಿಗೆ 10 ಗ್ರಾಂ ಆಸುಪಾಸು ಸಕ್ಕರೆ. ಕಾಲು ಲೀಟರಿಗೆ 25 ಗ್ರಾಂ, ಐದು ಚಮಚ. ಮೇಲಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ ಇಷ್ಟರೊಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೂ ಇದೇ 25 ಗ್ರಾಮನ್ನು. ಒಂದೇ ಬಾಟ್ಲಿಗೆ ದಿನದ ಕೋಟಾ ಮುಗಿಯಿತು, ನಾಲ್ಕು ಟೀ ಇನ್ನೂ ಬಾಕಿ ಇದೆ. ಈ ಸಕ್ಕರೆ ಹಸಿವನ್ನು ಒಂದು ಗಂಟೆ ಸುಮ್ಮನಾಗಿಸುತ್ತದೆ. ಮೂಳೆಗೆ, ಮಾಂಸಖಂಡಕ್ಕೆ, ರಕ್ತಕ್ಕೆ ಏನೂ ಕೊಡುವುದಿಲ್ಲ. ಮೈ ಬೆಳೆಯುವ ವಯಸ್ಸು ಹದಿಮೂರರಿಂದ ಹತ್ತೊಂಬತ್ತು. ಆ ವಯಸ್ಸಿನಲ್ಲಿ ತಪ್ಪಿದ ಊಟವನ್ನು ಮೂವತ್ತನೇ ವಯಸ್ಸಿನಲ್ಲಿ ಸಂಬಳ ಬಂದ ಮೇಲೆ ಉಣ್ಣುತ್ತೇನೆ ಅಂದರೆ ಆಗುವುದಿಲ್ಲ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು. ಆ ಒಂದು ಮಾತಿಗೆ ಹಾಸ್ಟೆಲ್ ಹುಡುಗರು ಏಟು ತಿಂದರು, ಮಂತ್ರಿ ಕುರ್ಚಿ ಬಿಡಬೇಕಾಯಿತು. ಬೂಸಾವನ್ನಾದರೂ ತಿಂದ ಎಮ್ಮೆ ಹಾಲು ಕೊಡುತ್ತದೆ. ಈ ಬಾಟ್ಲಿಗಳಲ್ಲಿ ಬೂಸಾದಷ್ಟೂ ಸತ್ವ ಇಲ್ಲ. ಇದನ್ನು ಹೇಳಿದರೆ ಹೊಡೆಯುವವರು ಯಾರೂ ಇಲ್ಲ, ಕೇಳುವವರೂ ಇಲ್ಲ!

ಇನ್ನು ‘ಎನರ್ಜಿ’. ಅದರಲ್ಲಿರುವುದು ಸಕ್ಕರೆ ಮತ್ತು ಕೆಫೀನು. ಕೆಫೀನು ದಣಿವನ್ನು ತೆಗೆಯುವುದಿಲ್ಲ, ದಣಿವು ಗೊತ್ತಾಗದ ಹಾಗೆ ಮಾಡುತ್ತದೆ, ಗಾಣದ ಎತ್ತಿಗೆ ಕಣ್ಣು ಕಟ್ಟಿದ ಹಾಗೆ. ನಮ್ಮ ದೇಶದ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನು ಇರಬಹುದು. ಅಂದರೆ ಕಾಲು ಲೀಟರಿನ ಬಾಟ್ಲಿಗೆ 75 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಹೇಳಿದ ಮಿತಿ ದಿನಕ್ಕೆ ಮೈತೂಕದ ಕೆಜಿಗೆ 3 ಮಿಲಿಗ್ರಾಂ. 45 ಕೆಜಿಯ ಹುಡುಗನಿಗೆ 135. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಬಾಟ್ಲಿ ಏರಿಸಿದರೆ 150. ನಿದ್ದೆ ಹೋಯಿತು, ಬೆಳಗ್ಗೆ ಏಳುವುದು ತಡವಾಯಿತು, ತಿಂಡಿ ತಪ್ಪಿತು, ಮತ್ತೆ ಬಾಟ್ಲಿ. ಇದು ಮಕ್ಕಳಿಗೆ, ಗರ್ಭಿಣಿಯರಿಗೆ ತಕ್ಕದ್ದಲ್ಲ ಅಂತ ಬಾಟ್ಲಿಯ ಮೇಲೇ ಬರೆದಿದ್ದಾರೆ. ಇರುವೆ ಗಾತ್ರದ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಬಾಟ್ಲಿ ಮಾರುವ ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ.

ಟೀಯನ್ನೂ ಬಿಡುವ ಹಾಗಿಲ್ಲ. ಊಟದ ಜೊತೆ, ಊಟದ ಬೆನ್ನಿಗೇ ಟೀ ಕುಡಿದರೆ ಅದರ ಒಗರು ಅಂಶ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತದ ಹಾಗೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ. ಹುಡುಗರೇನು ಪೈಲ್ವಾನರಲ್ಲ, ದೇಶದಲ್ಲಿ ನೂರಕ್ಕೆ 31. ತಲೆ ಸುತ್ತು, ಸುಸ್ತು, ಓದಿದ್ದು ತಲೆಗೆ ಹತ್ತದಿರುವುದು, ಇದೆಲ್ಲ ರಕ್ತ ಕಡಿಮೆಯಾದಾಗ ಬರುವುದೇ. ಅದನ್ನು ಮೇಷ್ಟ್ರು ‘ರಿಸರ್ವೇಷನ್ ಹುಡುಗರಿಗೆ ತಲೆ ಓಡಲ್ಲ’ ಅನ್ನುತ್ತಾರೆ. ತಲೆ ಓಡಲು ರಕ್ತ ಬೇಕು ಸ್ವಾಮಿ, ರಕ್ತಕ್ಕೆ ಊಟ ಬೇಕು.

ಹುಡುಗಿಯರ ಮಾತು ಬಂತು. ಬಾಗಿಲಿರುವ, ನೀರಿರುವ ಕಕ್ಕಸು ಇಲ್ಲದ ಕಾಲೇಜಿನಲ್ಲಿ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಉರಿಮೂತ್ರ ಬರುತ್ತದೆ, ತಲೆನೋವು ಬರುತ್ತದೆ, ಹಸಿವು ಸಾಯುತ್ತದೆ. ಏನು ಕುಡಿಯುತ್ತಾರೆ ಅಂತ ಕೇಳುವವರು ಏನನ್ನೂ ಕುಡಿಯದೆ ಕೂತ ಈ ತಂಗಿಯರ ಬಗ್ಗೆ ಕೇಳಿದ್ದಾರಾ?

ಗೆಳೆಯನೊಬ್ಬ ಕೇಳುತ್ತಾನೆ: ‘ಏನ್ಲಾ, ಸಾಹುಕಾರ್ರ ಮಗ ಕುಡುದ್ರೆ ಸ್ಟೈಲು, ನಾನ್ ಕುಡುದ್ರೆ ಕಾಯಿಲೆನಾ?’

ಒಳ್ಳೇ ಪ್ರಶ್ನೆ ಕಣಯ್ಯಾ. ಸಾಹುಕಾರನ ಮಗನಿಗೂ ಅದು ಕೆಟ್ಟದ್ದೇ. ಆದರೆ ಅವನು ಊಟ ಮಾಡಿ ಅದರ ಮೇಲೆ ಕುಡಿಯುತ್ತಾನೆ. ನೀನು ಊಟದ ಬದಲಿಗೆ ಕುಡಿಯುತ್ತೀಯ. ಅವನ ಮನೆಯಲ್ಲಿ ಹಾಲು, ತುಪ್ಪ, ಮೊಟ್ಟೆ, ಕೋಳಿ ಕಾಯುತ್ತಿರುತ್ತವೆ. ನಿನಗೆ ಕಾಯುತ್ತಿರುವುದು ಮೆಸ್ಸಿನ ನೀರು ಸಾರು. ಒಂದೇ ಬಾಟ್ಲಿ ಇಬ್ಬರ ಹೊಟ್ಟೆಯಲ್ಲಿ ಒಂದೇ ಕೆಲಸ ಮಾಡುವುದಿಲ್ಲ.

ನಮ್ಮಲ್ಲಿ ಕುಡಿಯಲು ಏನೂ ಇರಲಿಲ್ಲವೇ? ಇತ್ತು. ರಾಗಿ ಅಂಬಲಿ ಇತ್ತು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಬೆದ್ದಲು ಹೊಲದ ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಮೂಳೆ ಬೆಳೆಯುವ ವಯಸ್ಸಿಗೆ ಬೇಕಾದದ್ದೇ ಅದು. ಮಜ್ಜಿಗೆ ಇತ್ತು, ಹುರುಳಿ ಕಟ್ಟು ಇತ್ತು, ಮೂಳೆ ಸಾರು ಇತ್ತು. ಇದನ್ನೆಲ್ಲ ಕೀಳು ಊಟ ಅಂತ ನಮಗೆ ಹೇಳಿಕೊಟ್ಟವರು ಯಾರು? ‘ಅಂಬಲಿ ಕುಡಿಯೋರು’ ಅನ್ನುವುದನ್ನು ಬೈಗುಳ ಮಾಡಿದವರು ಯಾರು? ಅವರೇ ಈಗ ಅದೇ ರಾಗಿಯನ್ನು ಡಬ್ಬಿಗೆ ತುಂಬಿ ‘ಹೆಲ್ತ್ ಡ್ರಿಂಕ್’ ಅಂತ ನಮಗೇ ಮಾರುತ್ತಿದ್ದಾರೆ. ನಾವು ನಾಚಿಕೆಯಿಂದ ಬಿಟ್ಟದ್ದನ್ನು ಅವರು ಲಾಭಕ್ಕೆ ಎತ್ತಿಕೊಂಡರು.

ಮಾಂಸದ ಕಥೆ ಇನ್ನೂ ಕೆಟ್ಟದು. ಮಾಂಸದಲ್ಲಿರುವ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಬಡವರಿಗೆ ಅಗ್ಗಕ್ಕೆ ಸಿಗುತ್ತಿದ್ದದ್ದು ದನದ ಮಾಂಸ. ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2020ರಲ್ಲಿ ಬಂತು, 2021ರಲ್ಲಿ ಜಾರಿಯಾಯಿತು. ನಮ್ಮ ತಟ್ಟೆಯಿಂದ ಅದನ್ನೂ ಎಳೆದುಕೊಂಡರು. ಅದೇ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೇಡ ಅಂತ ಎದ್ದು ಕೂತರು. ಬಣ್ಣದ ಬಾಟ್ಲಿಯ ವಿರುದ್ಧ ಇಷ್ಟು ಜೋರಾಗಿ ಎದ್ದ ಮಠ ಯಾವುದಾದರೂ ಇದೆಯೇ? ಮೊಟ್ಟೆ ತಿಂದರೆ ಮೈಲಿಗೆ, ಐದು ಚಮಚ ಸಕ್ಕರೆ ನೀರು ಕುಡಿದರೆ ಶುದ್ಧ ಸಸ್ಯಾಹಾರ!

ಸರ್ಕಾರ ಏನೂ ಮಾಡಿಲ್ಲ ಅನ್ನುವುದಿಲ್ಲ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಮೊಟ್ಟೆ ರಾಜ್ಯದ ಎಲ್ಲ ಕಡೆಗೂ ಬಂತು. 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟೂ ಬಂತು. ಒಳ್ಳೆಯದೇ. ಆದರೆ ಇವನ್ನೆಲ್ಲ ರೂಪಿಸಿದ್ದು ಹತ್ತನೇ ತರಗತಿವರೆಗಿನ ಮಕ್ಕಳಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕಾಲೇಜಿನ ಮೆಟ್ಟಿಲು ಹತ್ತಿದ ಹದಿನಾರರ ಹುಡುಗಿಗೆ ಹಾಲು ಬೇಡವೇ? ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಸಕ್ಕರೆ, ಉಪ್ಪು, ಕೊಬ್ಬು ಅತಿಯಾದ ತಿಂಡಿ ಪಾನೀಯ ಮಾರಬಾರದು ಅಂತ 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ಟೇಪು ಹಿಡಿದು ಅಳೆದವರನ್ನು ಯಾರಾದರೂ ನೋಡಿದ್ದೀರಾ? 2025ರ ಸೆಪ್ಟೆಂಬರಿನಿಂದ ಈ ಬಾಟ್ಲಿಗಳ ಮೇಲೆ ನೂರಕ್ಕೆ 40 ಜಿಎಸ್‌ಟಿ. ಇಪ್ಪತ್ತು ರೂಪಾಯಿಯಲ್ಲಿ ಸುಮಾರು ಐದೂಮುಕ್ಕಾಲು ರೂಪಾಯಿ ಸರ್ಕಾರಕ್ಕೆ. ಆ ದುಡ್ಡು ಮೊಟ್ಟೆಯಾಗಿ ನಮ್ಮ ತಟ್ಟೆಗೆ ವಾಪಸ್ಸು ಬರಲಿ ಅಂತ ಕೇಳುವುದು ಭಿಕ್ಷೆ ಅಲ್ಲ.

ಬಣ್ಣದ ಬಾಟ್ಲಿಯ ಪಕ್ಕದಲ್ಲೇ ಇನ್ನೊಂದು ಬಾಟ್ಲಿ ಕೂತಿದೆ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಬೀದಿಗಿಳಿಯಿತು. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ಕಾಲ ಅದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಪ್ಯಾಕೆಟ್ಟಿನ ವಿಸ್ಕಿ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ. ಈಗ ನಮ್ಮ ಹುಡುಗರು ಎನರ್ಜಿ ಡ್ರಿಂಕಿಗೆ ಎಣ್ಣೆ ಬೆರೆಸುವುದನ್ನು ಕಲಿತಿದ್ದಾರೆ. ಕೆಫೀನು ಅಮಲನ್ನು ಮುಚ್ಚಿಡುತ್ತದೆ, ಎಷ್ಟು ಕುಡಿದೆ ಅಂತಲೇ ಗೊತ್ತಾಗುವುದಿಲ್ಲ. ಹದಿನೈದಕ್ಕೆ ಬಣ್ಣದ ಬಾಟ್ಲಿ, ಹದಿನೆಂಟಕ್ಕೆ ಬೆರಕೆ ಬಾಟ್ಲಿ, ಇಪ್ಪತ್ತೈದಕ್ಕೆ ಅಪ್ಪನ ಬಾಟ್ಲಿ. ಅಪ್ಪನನ್ನು ಬೈದುಕೊಂಡು ಊರು ಬಿಟ್ಟ ಮಗ ಅದೇ ದಾರಿಗೆ ಬೇರೆ ಬಾಗಿಲಿಂದ ಬರುತ್ತಿದ್ದಾನೆ.

ಕುಣಿಗಲ್ಲಿನವರಿಗೆ ಕುದುರೆ ಫಾರಂ ಗೊತ್ತು. ಟಿಪ್ಪು ಕಾಲದ ಇತಿಹಾಸ, ಊರ ನಡುವೆ ನಾನ್ನೂರಕ್ಕೂ ಹೆಚ್ಚು ಎಕರೆ ಸರ್ಕಾರಿ ನೆಲ. 1992ರಲ್ಲಿ ಅದನ್ನು 30 ವರ್ಷಕ್ಕೆ ಗುತ್ತಿಗೆ ಕೊಟ್ಟದ್ದು ಯಾರಿಗೆ? ಮದ್ಯದ ದೊರೆ ವಿಜಯ್ ಮಲ್ಯರ ಸಮೂಹದ ಕಂಪನಿಗೆ. ರೇಸಿನ ಕುದುರೆಗೆ ಎಷ್ಟು ಮೇವು, ಎಷ್ಟು ಕಾಳು, ಎಷ್ಟು ನೀರು ಅಂತ ಲೆಕ್ಕ ಇರುತ್ತದೆ, ನೋಡಿಕೊಳ್ಳಲು ಡಾಕ್ಟರು ಇರುತ್ತಾನೆ. ಯಾಕೆಂದರೆ ಅದು ಓಡಿದರೆ ದುಡ್ಡು. ಹಾಸ್ಟೆಲಿನ ಹುಡುಗ ಎಷ್ಟು ತಿಂದ, ಎಷ್ಟು ಕುಡಿದ ಅಂತ ಕೇಳುವವರಿಲ್ಲ. ಅವನ ಮೇಲೆ ಯಾರೂ ಬಾಜಿ ಕಟ್ಟಿಲ್ಲ.

ನೀರಿನ ಮಾತೂ ಅಷ್ಟೇ. 2024ರಲ್ಲಿ, 2025ರಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಕಾಲುವೆ ಅಂತ ಗುಬ್ಬಿ ತಾಲ್ಲೂಕಿನಲ್ಲಿ ಗಲಾಟೆ ಆಯಿತು. ನೀರು ನಮಗೆ ಅಂತ ಒಂದು ಕಡೆಯವರು, ಕುಣಿಗಲ್ಲಿಗೂ ಬೇಕು ಅಂತ ಇನ್ನೊಂದು ಕಡೆಯವರು. ತೋಟ ಇರುವವರ ಜಗಳ ಅದು, ಇರಲಿ. ನಮಗೆ ತೋಟ ಇಲ್ಲ. ಆದರೆ ನಮಗೂ ಗಂಟಲು ಇದೆ. ಆ ಜಗಳದಲ್ಲಿ ಹಾಸ್ಟೆಲಿನ ಫಿಲ್ಟರ್ ಕೆಟ್ಟು ಎಷ್ಟು ತಿಂಗಳಾಯಿತು ಅಂತ ಯಾವ ಮುಖಂಡನ ಬಾಯಲ್ಲೂ ಬರಲಿಲ್ಲ. ಕೊಳಾಯಿ ನೀರು ಕುಡಿಯುವ ಹಾಗಿದ್ದರೆ ಅರ್ಧ ಬಾಟ್ಲಿಗಳು ಅಂಗಡಿಯಲ್ಲೇ ಉಳಿಯುತ್ತವೆ. ಕೇರಳದ ಪ್ಲಾಚಿಮಡದಲ್ಲಿ ಕೋಲಾ ಕಾರ್ಖಾನೆಯಿಂದ ಬಾವಿಗಳು ಕೆಟ್ಟವು ಅಂತ 2002ರಲ್ಲಿ ಆದಿವಾಸಿ ಹೆಂಗಸರು ಮಯಿಲಮ್ಮನ ಜೊತೆ ಧರಣಿ ಕೂತರು. 2004ರಲ್ಲಿ ಆ ಕಾರ್ಖಾನೆ ನಿಂತಿತು. ಅವರು ಶಾಲೆ ಕಾಲೇಜು ಕಲಿತವರಲ್ಲ. ನಾವು ಕಲಿತವರು, ಒಂದು ಫಿಲ್ಟರಿಗೆ ಅರ್ಜಿ ಬರೆಯಲಾರೆವೇ?

ಆದ್ದರಿಂದ ಗೆಳೆಯರೇ, ನಾವು ಕೇಳಬೇಕಾದದ್ದು ಇಷ್ಟು:

1. ಪ್ರತಿ ಹಾಸ್ಟೆಲಿನಲ್ಲಿ, ಪ್ರತಿ ಸರ್ಕಾರಿ ಕಾಲೇಜಿನಲ್ಲಿ ಕುಡಿಯುವ ನೀರು. ಅದನ್ನು ಪರೀಕ್ಷೆ ಮಾಡಿದ ಚೀಟಿ ಗೋಡೆಗೆ ಅಂಟಿಸಬೇಕು.

2. ಹಾಲು, ಮೊಟ್ಟೆ, ರಾಗಿ ಮಾಲ್ಟು ಪಿಯುಸಿ ಮತ್ತು ಡಿಗ್ರಿ ವಿದ್ಯಾರ್ಥಿಗಳಿಗೂ ಬೇಕು. ಊರಿಂದ ಬಸ್ಸಿನಲ್ಲಿ ಬರುವವರಿಗೆ ಕಾಲೇಜಿನಲ್ಲೇ ಬೆಳಗಿನ ತಿಂಡಿ ಬೇಕು.

3. ಹಾಸ್ಟೆಲಿನ ಊಟದ ಪಟ್ಟಿ ಮತ್ತು ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಮೆಸ್ ಕಮಿಟಿಯಲ್ಲಿ ವಿದ್ಯಾರ್ಥಿಗಳು ಇರಬೇಕು, ವಾರ್ಡನ್ನಿನ ಬಾಲಬಡುಕರಲ್ಲ.

4. ಹುಡುಗಿಯರಿಗೆ ಬಾಗಿಲು, ನೀರು ಇರುವ ಕಕ್ಕಸು. ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ.

5. ಶಾಲೆಯ ಸುತ್ತಿನ 50 ಮೀಟರ್ ನಿಯಮವನ್ನು ಕಾಲೇಜು, ಹಾಸ್ಟೆಲುಗಳಿಗೂ ಹಾಕಬೇಕು, ಪಾಲಿಸಬೇಕು.

ಕೇಳುವುದು ಒಂದು ಕಡೆ. ನಾವೇ ಮಾಡಬೇಕಾದದ್ದು ಇನ್ನೊಂದು ಕಡೆ. ನಾಲ್ಕು ಜನ ಸೇರಿ ಬಾಟ್ಲಿಯ ಎಂಬತ್ತು ರೂಪಾಯಿಯನ್ನು ಒಟ್ಟು ಮಾಡಿ, ಕಡ್ಲೇಬೀಜ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ತನ್ನಿ. ಊಟ ಆಗಿ ಒಂದು ಗಂಟೆ ಬಿಟ್ಟು ಟೀ ಕುಡಿಯಿರಿ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣ ಮೈಗೆ ಹತ್ತುತ್ತದೆ. ಅವ್ವ ಅಂಬಲಿ ಕೊಟ್ಟರೆ ಬಾಟ್ಲಿಗೆ ತುಂಬಿಕೊಂಡು ಬನ್ನಿ, ಕ್ಲಾಸಿನಲ್ಲಿ ಎಲ್ಲರೆದುರು ಕುಡಿಯಿರಿ. ಹೋಟೆಲಿನಲ್ಲಿ ಲೋಟ ಬೇರೆ ಇಟ್ಟರೆ ಎದ್ದು ಹೋಗಿ ಬಾಟ್ಲಿ ಕೊಳ್ಳಬೇಡಿ, ಅಲ್ಲೇ ಕೂತು ಅದೇ ಲೋಟ ಕೇಳಿ, ಕೊಡದಿದ್ದರೆ ಕೇಸು ಹಾಕಿ. ಕಾನೂನು 1955ರಿಂದ ನಮ್ಮ ಕಡೆ ಇದೆ. ಬಾಟ್ಲಿ ಹಿಡಿದು ತಪ್ಪಿಸಿಕೊಂಡ ಅವಮಾನ ಇನ್ನೊಬ್ಬ ತಮ್ಮನಿಗೆ ಕಾದು ಕೂತಿರುತ್ತದೆ.

ಓದು, ಸಂಘಟನೆ, ಹೋರಾಟ ಅಂತ ಗೋಡೆ ಮೇಲೆ ಬರೆದಿದ್ದೇವೆ. ಮೂರಕ್ಕೂ ಮೈಯಲ್ಲಿ ರಕ್ತ ಬೇಕು. ಮುಂದಿನ ಭಾನುವಾರ ನಿಮ್ಮ ನಿಮ್ಮ ಹಾಸ್ಟೆಲಿನಲ್ಲಿ ಮೆಸ್ ಲೆಕ್ಕ ಕೇಳಿ, ಕೊಳಾಯಿ ನೀರನ್ನು ಲೋಟದಲ್ಲಿ ಹಿಡಿದು ವಾರ್ಡನ್ನಿಗೆ ‘ನೀವು ಮೊದಲು ಕುಡಿಯಿರಿ ಸಾರ್’ ಅನ್ನಿ. ಅವರು ಕುಡಿಯದಿದ್ದರೆ ಅರ್ಜಿ ಬರೆದು ಎಲ್ಲರೂ ಸಹಿ ಹಾಕಿ, ಸಮಾಜ ಕಲ್ಯಾಣ ಇಲಾಖೆಗೆ ನಡೆದುಕೊಂಡು ಹೋಗೋಣ.

ಜೈ ಭೀಮ್!